ಫ್ಯೂರಾ-೨

ಫ್ಯೂರಾ-೨ ಎಂಬುದು ಜೀವಂತ ಕೋಶಗಳೊಳಗಿನ ಕ್ಯಾಲ್ಸಿಯಮ್ ಅಯಾನುಗಳ ಸಾಂದ್ರತೆಯನ್ನು ಅಳೆಯಲು ಬಳಸುವ ಒಂದು ಪ್ರತಿದೀಪಕ ವರ್ಣದ್ರವ್ಯ. ಒಂದು ತರಂಗಾಂತರದ ಬೆಳಕನ್ನು ಹೀರಿ, ಅದಕ್ಕಿಂತ ದೀರ್ಘವಾದ ತರಂಗಾಂತರದ ಬೆಳಕನ್ನು ಹೊರಸೂಸುವ ಗುಣಕ್ಕೆ ಪ್ರತಿದೀಪ್ತಿ ಎಂದು ಹೆಸರು. ಅಮೆರಿಕದ ವಿಜ್ಞಾನಿ ರೋಜರ್ ತ್ಸಿಯೆನ್ (೧೯೫೨–೨೦೧೬) ಮತ್ತು ಅವರ ಸಂಗಡಿಗರು ಇದರ ವಿವರಗಳನ್ನು ೧೯೮೫ರಲ್ಲಿ ಪ್ರಕಟಿಸಿದರು.

ಹಿನ್ನೆಲೆ

ಸ್ನಾಯುಗಳ ಸಂಕೋಚನ, ನರಕೋಶಗಳ ಸಂದೇಶರವಾನೆ, ಗ್ರಂಥಿಗಳ ಸ್ರಾವ ಮುಂತಾದ ಕ್ರಿಯೆಗಳಿಗೆ ಕ್ಯಾಲ್ಸಿಯಮ್ ಸಂಕೇತವಾಗಿ ವರ್ತಿಸುತ್ತದೆ. ವಿಶ್ರಾಂತ ಸ್ಥಿತಿಯ ಕೋಶರಸದಲ್ಲಿ ಮುಕ್ತ ಕ್ಯಾಲ್ಸಿಯಮ್ ಸುಮಾರು ೧೦೦ ನ್ಯಾನೋಮೋಲಾರ್‌ನಷ್ಟು ಮಾತ್ರ ಇರುತ್ತದೆ. ಕೋಶದ ಹೊರಗೆ ಅದರ ಸುಮಾರು ಹತ್ತು ಸಾವಿರ ಪಟ್ಟು ಇರುತ್ತದೆ. ಕೋಶದೊಳಗೆ ಮೆಗ್ನೀಸಿಯಮ್ ಇದಕ್ಕಿಂತ ಬಹಳ ಹೆಚ್ಚಾಗಿರುವುದರಿಂದ, ಕ್ಯಾಲ್ಸಿಯಮ್ಮನ್ನೇ ಆರಿಸಿ ಹಿಡಿಯುವ ಅಣು ಅಗತ್ಯವಾಗಿತ್ತು. ಮೊದಲು ಜೆಲ್ಲಿಮೀನಿನಿಂದ ಪಡೆದ ಈಕ್ವೊರಿನ್ ಎಂಬ ಪ್ರೋಟೀನನ್ನು ದೊಡ್ಡ ಕೋಶಗಳಿಗೆ ಸೂಕ್ಷ್ಮ ಸೂಜಿಯಿಂದ ಚುಚ್ಚಲಾಗುತ್ತಿತ್ತು. ಅನಂತರ ತ್ಸಿಯೆನ್ ರೂಪಿಸಿದ ಕ್ವಿನ್-೨ ಸಣ್ಣ ಕೋಶಗಳಿಗೂ ಒದಗಿತಾದರೂ ಅದರ ಬೆಳಕು ಮಂದವಾಗಿತ್ತು. ಫ್ಯೂರಾ-೨ ಅದಕ್ಕಿಂತ ೩೦ ಪಟ್ಟಿನವರೆಗೆ ಪ್ರಕಾಶಮಾನವಾಗಿದೆ.

ಕಾರ್ಯವಿಧಾನ

ಕ್ಯಾಲ್ಸಿಯಮ್ ಹಿಡಿದಿರುವ ಅಣುಗಳು ೩೪೦ ನ್ಯಾನೋಮೀಟರ್ ತರಂಗಾಂತರದ ಬೆಳಕಿನಿಂದಲೂ, ಹಿಡಿಯದಿರುವವು ೩೮೦ ನ್ಯಾನೋಮೀಟರ್ ಬೆಳಕಿನಿಂದಲೂ ಹೆಚ್ಚು ಉದ್ದೀಪನಗೊಳ್ಳುತ್ತವೆ. ಎರಡೂ ಸುಮಾರು ೫೧೦ ನ್ಯಾನೋಮೀಟರಿನ ಹಸಿರು ಬೆಳಕನ್ನು ಸೂಸುತ್ತವೆ. ಎರಡು ಬೆಳಕುಗಳನ್ನು ಸರದಿಯಂತೆ ಹಾಯಿಸಿ, ದೊರೆತ ಹೊಳಪುಗಳ ಅನುಪಾತದಿಂದ ಸಾಂದ್ರತೆಯನ್ನು ಲೆಕ್ಕಹಾಕುತ್ತಾರೆ. ಕೋಶದ ದಪ್ಪ, ವರ್ಣದ್ರವ್ಯದ ಪ್ರಮಾಣ ಇವುಗಳ ವ್ಯತ್ಯಾಸವು ಅನುಪಾತದಲ್ಲಿ ಬಹುಮಟ್ಟಿಗೆ ಅಳಿಸಿಹೋಗುತ್ತದೆ.

ಕೋಶಪ್ರವೇಶ

ಋಣಾವೇಶಗಳುಳ್ಳ ಈ ಅಣು ಕೋಶಪೊರೆಯನ್ನು ದಾಟಲಾರದು. ಆದುದರಿಂದ ಆ ಆವೇಶಗಳನ್ನು ಎಸ್ಟರ್ ಗುಂಪುಗಳಿಂದ ಮರೆಮಾಡಿ ಕೋಶಗಳಿಗೆ ಉಣಿಸುತ್ತಾರೆ. ಒಳಗಿನ ಕಿಣ್ವಗಳು ಎಸ್ಟರುಗಳನ್ನು ಕತ್ತರಿಸಿದೊಡನೆ ವರ್ಣದ್ರವ್ಯವು ಅಲ್ಲಿಯೇ ಉಳಿಯುತ್ತದೆ. ಈ ಉಪಾಯವನ್ನು ತ್ಸಿಯೆನ್ ೧೯೮೧ರಲ್ಲಿ ಪ್ರಕಟಿಸಿದ್ದರು.

ಮಿತಿಗಳು

ಫ್ಯೂರಾ-೨ ತಾನು ಅಳೆಯುವ ಅಯಾನನ್ನೇ ಹಿಡಿದಿಟ್ಟುಕೊಳ್ಳುತ್ತದೆ. ಪ್ರಮಾಣ ಹೆಚ್ಚಾದರೆ ಕ್ಯಾಲ್ಸಿಯಮ್ಮಿನ ಸಹಜ ಏರಿಳಿತವೇ ಕುಗ್ಗಿ, ಅಳತೆಯು ಕೋಶದ ನಿಜಸ್ಥಿತಿಯನ್ನು ತೋರಿಸದು. ಪ್ರಕಾಶಮಾನವಾದ ವರ್ಣದ್ರವ್ಯದ ಮಹತ್ತ್ವ ಇರುವುದು ಇಲ್ಲಿಯೇ: ಅದು ಅಲ್ಪಪ್ರಮಾಣದಲ್ಲಿಯೇ ಸಾಕಾಗುತ್ತದೆ. ಸತುವಿನ ಅಯಾನುಗಳು ಇದಕ್ಕೆ ಇನ್ನೂ ಬಿಗಿಯಾಗಿ ಅಂಟಿಕೊಳ್ಳುವುದರಿಂದ ಅವನ್ನು ಕ್ಯಾಲ್ಸಿಯಮ್ ಎಂದು ತಪ್ಪಾಗಿ ಗ್ರಹಿಸುವ ಸಾಧ್ಯತೆಯಿದೆ. ಮ್ಯಾಂಗನೀಸ್ ಅಯಾನು ಇದರ ಬೆಳಕನ್ನು ನಂದಿಸುತ್ತದೆ. ದೀರ್ಘಕಾಲ ಹಾಯಿಸಿದ ನೇರಳಾತೀತ ಬೆಳಕು ಕೋಶಗಳಿಗೆ ಹಾನಿ ಮಾಡಬಲ್ಲದು.

ನಂತರದ ಬೆಳವಣಿಗೆ

೧೯೯೭ರಲ್ಲಿ ತ್ಸಿಯೆನ್ ತಂಡವು, ಕೋಶವೇ ತನ್ನೊಳಗೆ ತಯಾರಿಸಿಕೊಳ್ಳಬಲ್ಲ ಪ್ರೋಟೀನ್ ಸೂಚಕವಾದ ಕ್ಯಾಮೀಲಿಯಾನ್ ಅನ್ನು ಪ್ರಕಟಿಸಿತು. ಹಸಿರು ಪ್ರತಿದೀಪಕ ಪ್ರೋಟೀನಿನ ಕುರಿತ ಕಾರ್ಯಕ್ಕಾಗಿ ಒಸಾಮು ಶಿಮೊಮುರಾ, ಮಾರ್ಟಿನ್ ಚಾಲ್ಫೀ ಅವರೊಂದಿಗೆ ತ್ಸಿಯೆನ್ ೨೦೦೮ರ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡರು. ಫ್ಯೂರಾ-೨ ಇಂದಿಗೂ ಬಳಕೆಯಲ್ಲಿದೆ.