ಮುಪ್ಪು: ಒಪ್ಪಿಕೊಳ್ಳುವುದೇ, ಹೊಂದಿಕೊಳ್ಳುವುದೇ?

'ಅರವತ್ತಕ್ಕೆ ಅರಳು ಮರಳು' ಎಂಬ ಗಾದೆ ಕೇಳದ ಕನ್ನಡಿಗರು ವಿರಳ. ಅದೇ ಅರವತ್ತಕ್ಕೆ ಷಷ್ಟ್ಯಬ್ದಿ ಮಾಡಿ, ದಂಪತಿಗೆ ಮತ್ತೊಮ್ಮೆ ಮದುವೆಯ ಶಾಸ್ತ್ರ ನಡೆಸುವ ವಾಡಿಕೆಯೂ ನಮ್ಮಲ್ಲಿದೆ. ಮುಪ್ಪಿನ ಬಗೆಗಿನ ನಮ್ಮ ಧೋರಣೆ ಎಂದೂ ಒಂದೇ ಆಗಿರಲಿಲ್ಲ.

ಶ್ರವಣಬೆಳಗೊಳದ ಚಿಕ್ಕಬೆಟ್ಟದಲ್ಲಿ ಸಲ್ಲೇಖನ ವ್ರತದಿಂದ ದೇಹ ತೊರೆದವರ ಶಾಸನಗಳು ಕ್ರಿ.ಶ. 7ನೇ ಶತಮಾನದಿಂದ ಸಿಗುತ್ತವೆ. ಆಚಾರ್ಯ ಸಮಂತಭದ್ರರು ಈ ವ್ರತಕ್ಕೆ ಹೇಳಿದ ಸಂದರ್ಭಗಳು ನಾಲ್ಕು: ಉಪಸರ್ಗ, ಬರಗಾಲ, ಮುಪ್ಪು ಮತ್ತು ವಾಸಿಯಾಗದ ರೋಗ. 12ನೇ ಶತಮಾನದ ಬಸವಣ್ಣನವರ ಪ್ರಸಿದ್ಧ ವಚನವೊಂದು ಮುಪ್ಪಿನ ಲಕ್ಷಣಗಳನ್ನು ಒಂದೊಂದಾಗಿ ಎಣಿಸಿ, ಮೈಯಲ್ಲಿ ಕಸುವಿರುವಾಗಲೇ ಪೂಜೆಗೆ ತೊಡಗಲು ಎಚ್ಚರಿಸುತ್ತದೆ. ಎರಡರಲ್ಲೂ ದೇಹದ ಕುಸಿತ ತಡೆಯಲಾಗದ್ದು. ಅದಕ್ಕೆ ಮನಸ್ಸನ್ನು ಅಣಿಗೊಳಿಸುವುದೇ ಮುಖ್ಯ.

ಕುಸಿಯುವ ದೇಹವನ್ನೂ ಪಳಗಿಸಬಹುದೆಂಬ ಮಾತಿಗೆ 20ನೇ ಶತಮಾನದಲ್ಲಿ ಮೈಸೂರು ಬಲ ತುಂಬಿತು. 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಆಶ್ರಯದಲ್ಲಿ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ಆರಂಭವಾಯಿತು. ಗುರು, ಚಿತ್ರದುರ್ಗ ಜಿಲ್ಲೆಯ ಮುಚುಕುಂದಪುರದಲ್ಲಿ 1888ರಲ್ಲಿ ಜನಿಸಿದ ತಿರುಮಲೈ ಕೃಷ್ಣಮಾಚಾರ್ಯರು. ಅಲ್ಲಿ ಕಲಿತ ಹುಡುಗರಿಗೆ ಹೇಳಿಕೊಟ್ಟದ್ದು ಕಸರತ್ತಿನಂಥ ಚುರುಕು ಆಸನಗಳನ್ನು. ಮುಂದೆ ಮದರಾಸಿಗೆ ತೆರಳಿದ ಆಚಾರ್ಯರ ಬಳಿಗೆ ರೋಗಿಗಳು, ವೃದ್ಧರು ಬರತೊಡಗಿದರು. ಆಸನಕ್ಕೆ ಮನುಷ್ಯನನ್ನು ಬಗ್ಗಿಸುವ ಬದಲು, ವಯಸ್ಸು ನೋಡಿ ಆಸನವನ್ನೇ ಹೊಂದಿಸುವ ಕ್ರಮ ಬೆಳೆಯಿತು. 96ರ ವಯಸ್ಸಿನಲ್ಲಿ ಸೊಂಟದ ಮೂಳೆ ಮುರಿದಾಗ ಅವರು ಹಾಸಿಗೆಯಲ್ಲೇ ಅಭ್ಯಾಸ ಮಾಡಿದರು. ಶಸ್ತ್ರಚಿಕಿತ್ಸೆ ಬೇಡವೆಂದದ್ದು ಮಾತ್ರ ಅನುಕರಣೀಯವಲ್ಲ. ಇಂಥ ಮುರಿತಕ್ಕೆ ಬೇಗ ಶಸ್ತ್ರಚಿಕಿತ್ಸೆ ಮಾಡುವುದೇ ಇಂದಿನ ವೈದ್ಯರ ಕ್ರಮ. ಅವರು 1989ರಲ್ಲಿ ನೂರರ ಹರೆಯದಲ್ಲಿ ನಿಧನರಾದರು.

ಅವರ ಶಿಷ್ಯ, ಕೋಲಾರ ಜಿಲ್ಲೆಯ ಬೆಳ್ಳೂರಿನ ಬಿ.ಕೆ.ಎಸ್. ಅಯ್ಯಂಗಾರ್ ಬಾಲ್ಯದಲ್ಲಿ ಮಲೇರಿಯಾ, ಟೈಫಾಯ್ಡ್, ಕ್ಷಯದಿಂದ ಬಳಲಿದವರು. ಹಗ್ಗ, ಪಟ್ಟಿ, ಮರದ ತುಂಡು, ಕುರ್ಚಿಗಳ ಆಸರೆಯಿಂದ ಅಶಕ್ತರೂ ಆಸನ ಮಾಡುವಂತೆ ಮಾಡಿದ್ದು ಅವರ ಹೆಗ್ಗಳಿಕೆ. ಅವರು ಬದುಕಿದ್ದು 95 ವರ್ಷ, 2014ರವರೆಗೆ.

ಹಾಗೆಂದು ಯೋಗ ಮಾಡಿದವರೆಲ್ಲ ನೂರು ಮುಟ್ಟುತ್ತಾರೆ ಎನ್ನಲಾಗದು. ಸ್ವಾತಂತ್ರ್ಯದ ಹೊತ್ತಿಗೆ ಭಾರತೀಯರ ಸರಾಸರಿ ಆಯಸ್ಸು ಸುಮಾರು 32 ವರ್ಷ; ಈಗ ಸುಮಾರು 70. ಈ ಏರಿಕೆಗೆ ಮುಖ್ಯ ಕಾರಣ ಶಿಶುಮರಣ ಹಾಗೂ ಅಂಟುರೋಗಗಳು ತಗ್ಗಿದ್ದು. ಆಯಸ್ಸೇನೋ ಸಿಕ್ಕಿತು, ಅದನ್ನು ಸ್ವಂತ ಕಾಲ ಮೇಲೆ ಕಳೆಯುವುದು ಹೇಗೆಂಬುದು ಈಗಿನ ಪ್ರಶ್ನೆ.

ಕೆಂಗೇರಿ ಉಪನಗರದಂಥ ಬಡಾವಣೆಗಳ ಹಿರಿಯರಿಗೆ ಬೆಳಗಿನ ವಾಕಿಂಗ್ ಸುಲಭದ ಉತ್ತರ. ಆದರೆ ಅದೊಂದೇ ಸಾಲದು. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ 65 ದಾಟಿದವರಿಗೆ ವಾರಕ್ಕೆ ಕನಿಷ್ಠ 150 ನಿಮಿಷ ಹಿತಮಿತ ಶ್ರಮವಲ್ಲದೆ, ಮೂರು ದಿನವಾದರೂ ಸಮತೋಲ ಮತ್ತು ಸ್ನಾಯುಬಲದ ವ್ಯಾಯಾಮ ಬೇಕೆನ್ನುತ್ತದೆ. ಬೀಳುವುದನ್ನು ತಪ್ಪಿಸುವುದೇ ಇದರ ಗುರಿ. ಮುಪ್ಪನ್ನು ಒಪ್ಪಿಕೊಂಡೂ ಮೈಯನ್ನು ಕೈಬಿಡದಿರುವುದು ಸಾಧ್ಯವೆಂಬುದು ಮೈಸೂರಿನ ಪಾಠ.