ಸೋತ ತಂಡವನ್ನು ಕಟ್ಟುವ ಬಗೆ

ಗೌರಿಬಿದನೂರು ತಾಲ್ಲೂಕಿನ ಅಲೀಪುರವು ರತ್ನದ ಕಲ್ಲುಗಳ ವ್ಯಾಪಾರಕ್ಕೆ ಹೆಸರಾದ ಊರು. ಈ ವ್ಯಾಪಾರದಲ್ಲಿ ಒಂದು ತೊಡಕು ಉಂಟು. ಒರಟು ಕಲ್ಲನ್ನು ಕೊಳ್ಳುವವನು ಅದರ ಹೊರಮೈಯನ್ನು ಮಾತ್ರ ನೋಡಬಲ್ಲ. ಒಳಗೆ ಬಿರುಕಿದೆಯೋ ಬೆಳಕಿದೆಯೋ ಎಂಬುದು ಸಾಣೆ ಹಿಡಿದ ಮೇಲೆ ತಿಳಿಯತಕ್ಕ ಸಂಗತಿ. ಹಣವನ್ನಾದರೋ ಮೊದಲೇ ಎಣಿಸಿ ಕೊಡಬೇಕು. ಆಟಗಾರರನ್ನು ಆರಿಸಿ ತಂಡ ಕಟ್ಟುವವರ ಪಾಡೂ ಇದೇ. ಅಲೀಪುರವಿರಲಿ, ಚಿಂತಾಮಣಿ ಶಿಡ್ಲಘಟ್ಟಗಳಿರಲಿ, ಕ್ರಿಕೆಟ್ ಆಟಗಾರರ ಹರಾಜಿನ ದಿನ ಬಂದಿತೆಂದರೆ ಚಹದ ಅಂಗಡಿಯಲ್ಲಿ ಕುಳಿತವರೆಲ್ಲ ರತ್ನಪರೀಕ್ಷಕರೇ. ಒಬ್ಬರು, 'ಈತನಿಗೆ ಅಷ್ಟು ಕೋಟಿಯೇ?' ಎನ್ನುವರು. ಇನ್ನೊಬ್ಬರು, 'ನಮ್ಮ ಹುಡುಗನನ್ನು ಬಿಟ್ಟುಕೊಟ್ಟರಲ್ಲ!' ಎಂದು ನೊಂದುಕೊಳ್ಳುವರು. ಸೋತ ತಂಡವನ್ನು ಮತ್ತೆ ಕಟ್ಟುವುದು ಹೇಗೆ ಎಂಬ ಈ ಚರ್ಚೆಗೆ ಒಂದು ಚರಿತ್ರೆಯೇ ಇದೆ. ಅದನ್ನು ಸ್ವಲ್ಪ ಅವಲೋಕಿಸೋಣ.

ಸೋತವರಿಗೆ ಮೊದಲ ಆಯ್ಕೆ ಎಂಬ ನಿಯಮವನ್ನು ಆಟದ ಲೋಕಕ್ಕೆ ತಂದವರು ಅಮೆರಿಕದವರು. ಅವರ ಫುಟ್‌ಬಾಲು ನಮ್ಮ ಫುಟ್‌ಬಾಲಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಆಟ. 1935ರಲ್ಲಿ ಫಿಲಡೆಲ್ಫಿಯಾ ಈಗಲ್ಸ್ ಎಂಬ ತಂಡವು ಹನ್ನೊಂದು ಪಂದ್ಯಗಳಲ್ಲಿ ಎರಡನ್ನು ಮಾತ್ರ ಗೆದ್ದಿತು. ಅದರ ಒಡೆಯ ಬರ್ಟ್ ಬೆಲ್ ಎಂಬುವನು ಉಳಿದ ತಂಡಗಳ ಒಡೆಯರ ಮುಂದೆ ಒಂದು ಸಲಹೆ ಇಟ್ಟನು: ಕಾಲೇಜಿನಿಂದ ಹೊರಬರುವ ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳೋಣ, ಎಲ್ಲರಿಗಿಂತ ಕೆಳಗಿರುವ ತಂಡಕ್ಕೆ ಮೊದಲ ಸರದಿ ಇರಲಿ. ಎಲ್ಲರೂ ಒಪ್ಪಿದರು. 1936ರ ಫೆಬ್ರವರಿಯಲ್ಲಿ ಫಿಲಡೆಲ್ಫಿಯಾದಲ್ಲಿಯೇ ಮೊದಲ ಆಯ್ಕೆ ನಡೆಯಿತು. ಇದಕ್ಕೆ ಡ್ರಾಫ್ಟ್ ಎಂದು ಹೆಸರು. ಬೆಲ್ ಮಹಾಶಯನ ತಂಡವೇ ಮೊದಲು ಕೈಯೆತ್ತಿ ಷಿಕಾಗೋ ವಿಶ್ವವಿದ್ಯಾನಿಲಯದ ಜೇ ಬರ್ವಾಂಗರ್ ಎಂಬ ಹೆಸರಾಂತ ತರುಣನನ್ನು ಆರಿಸಿತು. ಆತನೋ, ಈಗಲ್ಸ್ ತಂಡಕ್ಕೂ ಬರಲಿಲ್ಲ, ಇನ್ನಾವ ವೃತ್ತಿಪರ ತಂಡಕ್ಕೂ ಆಡಲಿಲ್ಲ. ಬೇರೆ ಉದ್ಯೋಗ ಹಿಡಿದು ಹೋದನು. ಇದಾಗಿ ಅರವತ್ತನಾಲ್ಕು ವರ್ಷಗಳ ಮೇಲೆ, 2000ದ ಡ್ರಾಫ್ಟಿನಲ್ಲಿ, 198 ಮಂದಿಯನ್ನು ಆರಿಸಿದ ತರುವಾಯ ಟಾಮ್ ಬ್ರಾಡಿಯ ಹೆಸರು ಬಂದಿತು. ಮುಂದೆ ಆತನು ಏಳು ಸಲ ಆ ದೇಶದ ಅತ್ಯುಚ್ಚ ಪ್ರಶಸ್ತಿಯನ್ನು ಗೆದ್ದನು. ಮೊದಲನೆಯವನು ಆಡಲೇ ಇಲ್ಲ, 199ನೆಯವನು ಎಲ್ಲರನ್ನೂ ಮೀರಿಸಿದ. ಪರೀಕ್ಷಕರ ಕಣ್ಣು ಇಷ್ಟರಮಟ್ಟಿಗೆ ಮೋಸಹೋಗಬಲ್ಲುದು.

ನಮ್ಮ ನಾಡಿನಲ್ಲಿ ಬಹುಕಾಲ ಇಂಥ ಸರದಿಯೂ ಇರಲಿಲ್ಲ, ಹರಾಜೂ ಇರಲಿಲ್ಲ. ಇದ್ದ ಮಣ್ಣಿನಲ್ಲಿ ಬೆಳೆದದ್ದೇ ಬೆಳೆ. ರಣಜಿ ಪಂದ್ಯಾವಳಿಯ ಮೊಟ್ಟಮೊದಲ ಪಂದ್ಯ 1934ರ ನವೆಂಬರ್ 4ರಂದು ಮದರಾಸಿನ ಚೇಪಾಕ್ ಮೈದಾನದಲ್ಲಿ ನಡೆಯಿತು. ಆಡಿದವರು ಮದರಾಸು ಮತ್ತು ಮೈಸೂರು. ಮೈಸೂರಿನವರು ಮೊದಲ ಸರದಿಯಲ್ಲಿ 48, ಎರಡನೆಯದರಲ್ಲಿ 59 ರನ್ನು ಮಾಡಿದರು. ಮದರಾಸಿನವರು ಒಮ್ಮೆ ಆಡಿ ಮಾಡಿದ 130 ರನ್ನೇ ಸಾಕಾಯಿತು. ಬೆಳಗ್ಗೆ ಆರಂಭವಾದ ಪಂದ್ಯ ಅದೇ ದಿನ ಮುಗಿದುಹೋಯಿತು. ಏಳು ವರ್ಷಗಳ ನಂತರ, 1941-42ರ ಸಾಲಿನಲ್ಲಿ, ಮೈಸೂರು ಅಂತಿಮ ಪಂದ್ಯದವರೆಗೆ ಏರಿತೇನೋ ನಿಜ. ಅಲ್ಲಿ ಮುಂಬಯಿಯವರು ಒಂದು ಇನಿಂಗ್ಸ್ ಮತ್ತು 281 ರನ್ನುಗಳಿಂದ ಸೋಲಿಸಿ ಕಳುಹಿಸಿದರು. 1959-60ರಲ್ಲಿ ಮತ್ತೊಮ್ಮೆ ಅಂತಿಮ ಪಂದ್ಯ. ಎದುರಾಳಿ ಮತ್ತೆ ಮುಂಬಯಿ, ಫಲವೂ ಮತ್ತೆ ಸೋಲು.

ಆ ಸೋಲಿನಿಂದ ತಂಡ ಎದ್ದುದು ಹೇಗೆ? ಒಬ್ಬ ಮಹಾಪುರುಷ ಬಂದು ಎತ್ತಲಿಲ್ಲ. 1960ರ ದಶಕದಲ್ಲಿ ಒಬ್ಬೊಬ್ಬರಾಗಿ ಹುಡುಗರು ಕಾಣಿಸಿಕೊಂಡರು. ಮೈಸೂರಿನ ಚಂದ್ರಶೇಖರರ ಬಲಗೈ ಬಾಲ್ಯದಲ್ಲಿ ಪೋಲಿಯೋಗೆ ತುತ್ತಾಗಿದ್ದಿತು. ಹೊರಮೈ ನೋಡಿ ಬೆಲೆ ಕಟ್ಟುವವರು ಬದಿಗಿಡಬಹುದಾಗಿದ್ದ ಆ ಕೈಯೇ ಮುಂದೆ ಜಗತ್ತಿನ ದಾಂಡಿಗರನ್ನು ದಿಕ್ಕುಗೆಡಿಸಿತು. ಪ್ರಸನ್ನ ಅವರು ಟೆಸ್ಟ್ ಪಂದ್ಯ ಆಡಿದ ಮೇಲೆಯೂ ಎಂಜಿನಿಯರಿಂಗ್ ಓದಿಗಾಗಿ ಕೆಲವು ವರ್ಷ ದೂರವುಳಿದು, ಬಳಿಕ ಮರಳಿ ಬಂದರು. ಭದ್ರಾವತಿಯ ವಿಶ್ವನಾಥರು 1967ರಲ್ಲಿ ಮೈಸೂರಿಗಾಗಿ ಆಡಿದ ಮೊದಲ ಪಂದ್ಯದಲ್ಲಿಯೇ ಆಂಧ್ರದ ವಿರುದ್ಧ 230 ರನ್ನು ಹೊಡೆದರು. ಎರಡು ವರ್ಷದ ಮೇಲೆ ಕಾನ್ಪುರದ ಟೆಸ್ಟಿನಲ್ಲಿ ಅವರು ಮೊದಲ ಸರದಿಯಲ್ಲಿ ಸೊನ್ನೆಗೆ ಔಟಾಗಿ, ಎರಡನೆಯದರಲ್ಲಿ 137 ಹೊಡೆದರು. ಸೊನ್ನೆಯೊಂದನ್ನೇ ನೋಡಿ ಎದ್ದುಹೋದವನಿಗೆ ಆ 137 ಕಾಣಸಿಗುತ್ತಿರಲಿಲ್ಲ.

1973ರ ನವೆಂಬರ್ 1ರಂದು ಮೈಸೂರು ರಾಜ್ಯವು ಕರ್ನಾಟಕವೆಂದು ಹೆಸರಾಯಿತು. ಅದೇ ಸಾಲಿನಲ್ಲಿ ಪ್ರಸನ್ನರ ನಾಯಕತ್ವದ ತಂಡವು ಬೆಂಗಳೂರಿನ ಉಪಾಂತ್ಯ ಪಂದ್ಯದಲ್ಲಿ ಮುಂಬಯಿಯನ್ನು ಹಿಂದಿಕ್ಕಿತು. ವಿಶ್ವನಾಥರು 162, ಬ್ರಿಜೇಶ್ ಪಟೇಲರು 106. ಹದಿನೈದು ವರ್ಷ ಒಂದೇ ಸಮನೆ ಮುಂಬಯಿಯಲ್ಲಿದ್ದ ರಣಜಿ ಟ್ರೋಫಿ ಕೈಬದಲಾಯಿತು. ಅಂತಿಮ ಪಂದ್ಯದಲ್ಲಿ ರಾಜಸ್ಥಾನವನ್ನು ಸೋಲಿಸಿ ಕರ್ನಾಟಕ ಮೊದಲ ಬಾರಿಗೆ ವಿಜಯಿಯಾಯಿತು. ಚೇಪಾಕಿನ ಆ ಒಂದು ದಿನದ ಸೋಲಿನಿಂದ ಇಲ್ಲಿಗೆ ನಲವತ್ತು ವರ್ಷಗಳಾದವು.

ಇನ್ನು ಹರಾಜಿನ ಕಾಲಕ್ಕೆ ಬರೋಣ. 2008ರಲ್ಲಿ ಐಪಿಎಲ್ ಆರಂಭವಾದಾಗ ತಂಡ ಕಟ್ಟುವ ರೀತಿಯೇ ಬದಲಾಯಿತು. ಹುಟ್ಟಿದೂರಿಗೂ ಆಡುವ ತಂಡಕ್ಕೂ ಸಂಬಂಧ ಇರಬೇಕಾಗಿಲ್ಲ. ಹಣವಿಟ್ಟವನು ಕೂಗಿ ಕೊಳ್ಳಬಹುದು. ಬೆಂಗಳೂರಿನ ರಾಯಲ್ ಚಾಲೆಂಜರ್ಸ್ ತಂಡಕ್ಕೆ ದ್ರಾವಿಡ್ ನಾಯಕರು. ಕುಂಬ್ಳೆ, ಕಾಲಿಸ್ ಮೊದಲಾದ ಘಟಾನುಘಟಿಗಳು ಜೊತೆಗಾರರು. ಐದು ದಿನದ ಆಟದ ತಂಡವನ್ನು ಮೂರು ಗಂಟೆಯ ಆಟಕ್ಕೆ ಕಳುಹಿಸಿದ್ದಾರೆ ಎಂದು ಜನ ನಕ್ಕರು. ಎಂಟು ತಂಡಗಳಲ್ಲಿ ಅದು ಏಳನೆಯದಾಯಿತು.

ಆದರೆ ಅದೇ ವರ್ಷದ ಮಾರ್ಚಿನಲ್ಲಿ, ಹರಾಜಿನಿಂದ ಬೇರೆಯಾಗಿ, ಅಮೆರಿಕದ ಮಾದರಿಯ ಒಂದು ಸಣ್ಣ ಡ್ರಾಫ್ಟ್ ನಡೆಯಿತೆಂಬುದನ್ನು ಬಹಳ ಮಂದಿ ಮರೆತಿದ್ದಾರೆ. ಹತ್ತೊಂಬತ್ತು ವರ್ಷದೊಳಗಿನವರ ವಿಶ್ವಕಪ್ಪನ್ನು ಗೆದ್ದುಬಂದಿದ್ದ ಭಾರತದ ಹುಡುಗರನ್ನು ತಂಡಗಳು ಸರದಿಯಂತೆ ಆರಿಸಿಕೊಂಡವು. ಆ ಹುಡುಗರ ನಾಯಕ ದೆಹಲಿಯ ವಿರಾಟ್ ಕೊಹ್ಲಿ. ದೆಹಲಿ ತಂಡದಲ್ಲಿ ಆಗಲೇ ಸೆಹವಾಗ್, ಗಂಭೀರ್, ಡಿವಿಲಿಯರ್ಸ್ ಇದ್ದರು. ದಾಂಡಿಗರಿಗೆ ಕೊರತೆಯಿಲ್ಲವೆಂದು ಆ ತಂಡ ಪ್ರದೀಪ್ ಸಾಂಗ್ವಾನ್ ಎಂಬ ಎಡಗೈ ವೇಗದ ಬೌಲರನನ್ನು ಆರಿಸಿತು. ಕೊಹ್ಲಿ ಬೆಂಗಳೂರಿಗೆ ಬಂದರು. ದೆಹಲಿಯವರ ಲೆಕ್ಕ ಅಂದಿಗೆ ತಪ್ಪೇನೂ ಅಲ್ಲ. ಏಕೆಂದರೆ ಕೊಹ್ಲಿಯವರು ಮೊದಲ ವರ್ಷ ಇಡೀ ಪಂದ್ಯಾವಳಿಯಲ್ಲಿ ಮಾಡಿದ್ದು 165 ರನ್ನು. ಆಯ್ಕೆ ತಪ್ಪಾಯಿತೆಂದು ಕೈಬಿಡಲು ಅಷ್ಟು ಸಾಕಾಗಿತ್ತು. ಕೈಬಿಡಲಿಲ್ಲ. ಎಂಟು ವರ್ಷಗಳ ಮೇಲೆ, 2016ರಲ್ಲಿ, ಅದೇ ಕೊಹ್ಲಿ ಒಂದೇ ಪಂದ್ಯಾವಳಿಯಲ್ಲಿ 973 ರನ್ನು ಮಾಡಿದರು.

ಈ ತಾಳ್ಮೆಯನ್ನು ಬೆಂಗಳೂರಿನವರು ಎಲ್ಲರ ವಿಷಯದಲ್ಲಿ ತೋರಿದ್ದರೆ ಚರಿತ್ರೆ ಬೇರೆಯಾಗುತ್ತಿತ್ತೇನೋ. 2009, 2011 ಮತ್ತು 2016ರಲ್ಲಿ ತಂಡ ಅಂತಿಮ ಪಂದ್ಯ ಮುಟ್ಟಿ ಸೋತಿತು; ಒಮ್ಮೆ 6 ರನ್ನಿಂದ, ಒಮ್ಮೆ 58ರಿಂದ, ಒಮ್ಮೆ ಸ್ವಂತ ಅಂಗಳದಲ್ಲಿಯೇ 8 ರನ್ನಿಂದ. ಪ್ರತಿಯೊಂದು ಸೋಲಿನ ಬೆನ್ನಿಗೂ ಹೊಸ ಹೆಸರಿನ ಹುಡುಕಾಟ. 2014ರಲ್ಲಿ ಯುವರಾಜ್ ಸಿಂಗರಿಗೆ 14 ಕೋಟಿ ಕೊಟ್ಟರು, ಮರುವರ್ಷವೇ ಬಿಟ್ಟರು. ನಮ್ಮವರೇ ಆದ ಕೆ. ಎಲ್. ರಾಹುಲ್ 2013ರಲ್ಲಿ ಇಲ್ಲಿದ್ದರು, ಹೋದರು, 2016ರಲ್ಲಿ ಬಂದರು, 2018ರಲ್ಲಿ ಮತ್ತೆ ಹೋದರು. ವರ್ಷಗಟ್ಟಲೆ ಆಧಾರವಾಗಿದ್ದ ಚಾಹಲ್ 2022ರ ಹೊತ್ತಿಗೆ ಬೇರೆಯವರ ಪಾಲಾದರು. 2017ರ ಏಪ್ರಿಲಿನಲ್ಲಿ ಕೊಲ್ಕತ್ತದಲ್ಲಿ ಗೇಲ್, ಕೊಹ್ಲಿ, ಡಿವಿಲಿಯರ್ಸ್ ಮೂವರೂ ಇದ್ದ ತಂಡ 49 ರನ್ನಿಗೆ ಉರುಳಿಬಿದ್ದಿತು. ಒಂದೇ ಒಂದು ಬಾಗಿಲಿಗೆ ಬೀಟೆಯ ಮರ ಹಾಕಿ, ಗೋಡೆಗೆ ಇಟ್ಟಿಗೆ ತರಲು ಹಣವಿಲ್ಲದಂತಾದ ಮನೆಯ ಸ್ಥಿತಿ ಅದು.

ಅಭಿಮಾನಿಗಳ ಮಾತಿಗೆ ಬರೋಣ. 'ಈ ಸಲ ಕಪ್ ನಮ್ದೇ' ಎಂಬುದು ಮೊದಲು ನಂಬಿಕೆಯ ಮಾತಾಗಿತ್ತು, ಬಳಿಕ ಪರರ ಹಾಸ್ಯಕ್ಕೆ ಗುರಿಯಾಯಿತು, ಕಡೆಗೆ ತಮ್ಮನ್ನು ತಾವೇ ನಕ್ಕುಕೊಳ್ಳುವ ಮಾತೂ ಆಯಿತು. ಅಭಿಮಾನಿಗಳಲ್ಲಿ ಎರಡು ಪಕ್ಷಗಳುಂಟು. ಕನ್ನಡದ ಹುಡುಗರಿಲ್ಲದ ಮೇಲೆ ಅದು ನಮ್ಮ ತಂಡ ಹೇಗಾದೀತು ಎನ್ನುವುದು ಒಂದು ಪಕ್ಷ. ಗೆಲ್ಲುವವರು ಎಲ್ಲಿಯವರಾದರೇನು ಎನ್ನುವುದು ಇನ್ನೊಂದು. 2025ರ ಏಪ್ರಿಲ್ 10ರಂದು ರಾಹುಲ್ ದೆಹಲಿಯ ಪರವಾಗಿ ಆಡಿ, ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿಯೇ ಬೆಂಗಳೂರನ್ನು ಸೋಲಿಸಿ, ಬ್ಯಾಟಿನಿಂದ ನೆಲದ ಮೇಲೆ ವೃತ್ತ ಬರೆದು ಇದು ನನ್ನ ಅಂಗಳವೆಂದು ಸನ್ನೆ ಮಾಡಿದಾಗ ಮೊದಲ ಪಕ್ಷದವರಿಗೆ ಎದೆ ಚುರುಕ್ಕೆಂದಿರಬೇಕು. ಅವರ ಕೊರಗಿನಲ್ಲಿ ನ್ಯಾಯವಿದೆ. ಹತ್ತಿರದ ಕಲ್ಲಿಗೆ ಬೆಲೆ ಕಡಿಮೆಯೆಂದು ಎಣಿಸುವುದು ಹಳೆಯ ತಪ್ಪು.

ಈ ತಪ್ಪನ್ನು ತಿದ್ದಿಕೊಂಡ ಮೊದಲ ನಿದರ್ಶನ ಹೆಣ್ಣುಮಕ್ಕಳ ತಂಡದ್ದು. 2023ರಲ್ಲಿ ಸ್ಮೃತಿ ಮಂದಾನರಿಗೆ 3 ಕೋಟಿ 40 ಲಕ್ಷ ಕೊಟ್ಟು ಕಟ್ಟಿದ ತಂಡ ಮೊದಲ ಐದು ಪಂದ್ಯಗಳನ್ನೂ ಸೋತು, ಐದು ತಂಡಗಳಲ್ಲಿ ನಾಲ್ಕನೆಯದಾಯಿತು. ನಾಯಕಿಯನ್ನು ಬದಲಿಸಲಿಲ್ಲ. 10 ಲಕ್ಷಕ್ಕೆ ತಂದಿದ್ದ ಕರ್ನಾಟಕದ ಶ್ರೇಯಾಂಕಾ ಪಾಟೀಲರನ್ನು ಉಳಿಸಿಕೊಂಡರು. ಮರುವರ್ಷ, 2024ರ ಮಾರ್ಚ್ 17ರಂದು, ಅದೇ ಶ್ರೇಯಾಂಕಾ ಅಂತಿಮ ಪಂದ್ಯದಲ್ಲಿ 12 ರನ್ನಿಗೆ 4 ವಿಕೆಟ್ ಕಿತ್ತರು. ಪುರುಷರಿಗೆ ಹದಿನಾರು ವರ್ಷ ಸಿಕ್ಕದ ಕಪ್ಪು ಹೆಣ್ಣುಮಕ್ಕಳಿಗೆ ಎರಡನೆಯ ವರ್ಷಕ್ಕೇ ದೊರೆಯಿತು.

ಎರಡನೆಯ ನಿದರ್ಶನ ರಜತ್ ಪಾಟೀದಾರ್. ಮಧ್ಯಪ್ರದೇಶದ ಈ ದಾಂಡಿಗ 2021ರಲ್ಲಿ ಬೆಂಗಳೂರಿಗೆ ನಾಲ್ಕು ಪಂದ್ಯ ಆಡಿದರು, ಹೆಚ್ಚೇನೂ ಮಾಡಲಿಲ್ಲ. 2022ರ ಹರಾಜಿನಲ್ಲಿ ಅವರನ್ನು ಕೇಳುವವರೇ ಇರಲಿಲ್ಲ. ಗಾಯಗೊಂಡ ಒಬ್ಬ ಆಟಗಾರನ ಬದಲಿಗೆ ಕರೆಬಂತು. ಆ ವರ್ಷದ ಮೇ 25ರಂದು, ಸೋತವರು ಹೊರಬೀಳುವ ಪಂದ್ಯದಲ್ಲಿ, ಔಟಾಗದೆ 112 ಹೊಡೆದರು. 2023ರಲ್ಲಿ ಗಾಯದಿಂದ ಆಡಲಾಗಲಿಲ್ಲ, ತಂಡ ಕಾದಿತು. 2025ರಲ್ಲಿ ಅವರೇ ನಾಯಕರಾದರು. ಜೆಡ್ಡಾ ನಗರದಲ್ಲಿ 2024ರ ನವೆಂಬರಿನಲ್ಲಿ ನಡೆದ ಹರಾಜಿನಲ್ಲಿ ತಂಡದವರು ಹಣವನ್ನು ಒಬ್ಬರ ಮೇಲೆ ಸುರಿಯದೆ ಹಂಚಿದರು: ಹೇಜಲ್‌ವುಡ್‌ಗೆ 12.5 ಕೋಟಿ, ಭುವನೇಶ್ವರ್ ಕುಮಾರರಿಗೆ 10.75, ಕೃಣಾಲ್ ಪಾಂಡ್ಯರಿಗೆ 5.75. ದೊಡ್ಡ ಹೆಸರು ಬರಲಿಲ್ಲವಲ್ಲ ಎಂದು ಅಂದು ಗೊಣಗಿದವರು ಅನೇಕರು.

2025ರ ಜೂನ್ 3ರಂದು ಅಹಮದಾಬಾದಿನಲ್ಲಿ ಬೆಂಗಳೂರು 190 ರನ್ನು ಮಾಡಿತು. ಒಬ್ಬರೂ ಐವತ್ತು ಮುಟ್ಟಲಿಲ್ಲ. ಕೊಹ್ಲಿಯವರ 43ರದೇ ಹೆಚ್ಚಿನ ಮೊತ್ತ. ಹಿಂದೊಮ್ಮೆ ಇದೇ ತಂಡದಲ್ಲಿದ್ದು ಬಿಡುಗಡೆಯಾಗಿದ್ದ ನಮ್ಮ ಮಯಾಂಕ್ ಅಗರ್ವಾಲ್ ಬದಲಿ ಆಟಗಾರನಾಗಿ ಮರಳಿ ಬಂದು 24 ಸೇರಿಸಿದರು. ಕೃಣಾಲ್ 17 ರನ್ನಿಗೆ 2 ವಿಕೆಟ್ ಪಡೆದು ಪಂದ್ಯಪುರುಷರಾದರು. ಪಂಜಾಬು 6 ರನ್ನಿಂದ ಸೋತಿತು. ಇಷ್ಟಿಷ್ಟೇ ಇಟ್ಟಿಗೆಗಳಿಂದ ಗೋಡೆ ಎದ್ದು ನಿಂತಿತು. ಹದಿನೆಂಟು ವರ್ಷ ಒಂದೇ ತಂಡದಲ್ಲಿದ್ದ ಕೊಹ್ಲಿ ಮೈದಾನದಲ್ಲಿ ಮೊಣಕಾಲೂರಿ ಅತ್ತರು.

ಕಥೆಯನ್ನು ಇಲ್ಲಿಗೆ ನಿಲ್ಲಿಸುವಂತಿದ್ದರೆ ಚೆನ್ನಾಗಿತ್ತು. ಮರುದಿನ, ಜೂನ್ 4ರಂದು, ವಿಜಯಿಗಳನ್ನು ನೋಡಲೆಂದು ಬೆಂಗಳೂರಿಗೆ ಊರೂರುಗಳಿಂದ ಜನ ಹರಿದುಬಂದರು. ಚಿನ್ನಸ್ವಾಮಿ ಕ್ರೀಡಾಂಗಣದ ಬಾಗಿಲುಗಳ ಹೊರಗೆ ಉಂಟಾದ ಕಾಲ್ತುಳಿತದಲ್ಲಿ ಹನ್ನೊಂದು ಮಂದಿ ಪ್ರಾಣ ಬಿಟ್ಟರು. ಹೆಚ್ಚಿನವರು ತರುಣರು. ತಂಡ ಹುಟ್ಟಿದಾಗ ಅವರಲ್ಲಿ ಕೆಲವರು ಹುಟ್ಟಿಯೇ ಇರಲಿಲ್ಲ, ಕೆಲವರು ತೊಟ್ಟಿಲಲ್ಲಿದ್ದರು. ಹರಾಜಿನಲ್ಲಿ ಅವರಿಗೆ ಬೆಲೆಯಿರಲಿಲ್ಲ. ಆದರೂ ಸೋತ ತಂಡವನ್ನು ಹದಿನೆಂಟು ವರ್ಷ ತಂಡವಾಗಿ ಉಳಿಸಿದ್ದು ಅವರಂಥವರ ಕಾಯುವಿಕೆಯೇ ಅಲ್ಲವೇ? ಪ್ರತಿಯೊಬ್ಬ ಆಟಗಾರನ ಬೆಲೆಯನ್ನು ಲಕ್ಷದ ಲೆಕ್ಕದಲ್ಲಿ ತೂಗಿ ನೋಡುವ ವ್ಯವಸ್ಥೆಯು ಬಾಗಿಲ ಹೊರಗೆ ನಿಂತವರನ್ನು ಎಣಿಸಲಿಕ್ಕೂ ಕಲಿಯಬೇಕಾಗಿದೆ.

ಮುಂದಿನ ಹರಾಜುಗಳೂ ಬರುತ್ತವೆ, ಚಹದ ಅಂಗಡಿಯ ಚರ್ಚೆಗಳೂ ನಡೆಯುತ್ತವೆ. ನಡೆಯಲಿ; ಅದರಲ್ಲಿ ತಪ್ಪಿಲ್ಲ. ಆರಿಸುವಾಗ ಯಾರ ಕಣ್ಣಾದರೂ ತಪ್ಪೀತು. ಆರಿಸಿದ ಮೇಲೆ ಎಷ್ಟು ದಿನ ಸಾಣೆ ಹಿಡಿದರು, ಎಷ್ಟು ಬೇಗ ಕೈಚೆಲ್ಲಿದರು ಎಂಬುದನ್ನು ಕೇಳಬೇಕು. ಮೈಸೂರಿನ ನಲವತ್ತು ವರ್ಷಗಳೂ ಬೆಂಗಳೂರಿನ ಹದಿನೆಂಟು ವರ್ಷಗಳೂ ಹೇಳುವುದು ಇದನ್ನೇ. ಅಲೀಪುರದ ಕಲ್ಲಿನ ವ್ಯಾಪಾರಿಗೆ ಇದು ಹೊಸ ಮಾತೇನೂ ಆಗಿರಲಾರದು.