ಪ್ರವಚನಕಾರರ ಮುಖದ ಮೇಲಣ ಬೆಳಕು

ಕ್ರಿ.ಶ. 1915ರಲ್ಲಿ ಸಿ. ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರನು ನಮ್ಮ ಮಸ್ಕಿಯ ಬೆಟ್ಟದಲ್ಲಿ ಅಶೋಕ ಚಕ್ರವರ್ತಿಯ ಶಾಸನವನ್ನು ಕಂಡುಹಿಡಿದನು. ಬಿರುದಿನೊಡನೆ ಅಶೋಕನೆಂಬ ಹೆಸರೂ ಅದರಲ್ಲಿ ಕೆತ್ತಲ್ಪಟ್ಟಿದ್ದುದರಿಂದ ಆ ಶಿಲಾಲೇಖವು ಲೋಕವಿಖ್ಯಾತವಾಯಿತು. ಸವೆದ ಶಾಸನಗಳನ್ನು ಓದುವವರು ಬಲ್ಲ ಮಾತೊಂದುಂಟು: ದೀಪವನ್ನು ಬಂಡೆಗೆ ನೇರವಾಗಿ ಹಿಡಿದರೆ ಅಕ್ಷರಗಳು ಮುಳುಗಿಹೋಗುತ್ತವೆ, ಓರೆಯಾಗಿ ಹಿಡಿದರೆ ಗೀರುಗಳಲ್ಲಿ ನೆರಳು ನಿಂತು ಅಕ್ಷರವು ಎದ್ದು ಕಾಣುತ್ತದೆ. ಮನುಷ್ಯನ ಮುಖವೂ ಅಂತಹುದೇ. ಮಬ್ಬುಗತ್ತಲೆಯ ಸಭಾಗೃಹದಲ್ಲಿ ಮಾತನಾಡುವವರ ಮುಖವನ್ನು ವಿಡಿಯೋ ಯಂತ್ರಕ್ಕೆ ಕಾಣಿಸುವ ವಿದ್ಯೆಯ ಪೂರ್ವೋತ್ತರವನ್ನು ಸದ್ಭಕ್ತರ ಅವಗಾಹನೆಗೆ ತರುವುದು ಈ ಲೇಖನದ ಉದ್ದೇಶವು.

ಇದು ಅಲ್ಪ ವಿಷಯವೆಂದು ತಿಳಿಯಬಾರದು. ವಿಜಯಪುರದ ಜ್ಞಾನಯೋಗಾಶ್ರಮದ ಶ್ರೀ ಸಿದ್ಧೇಶ್ವರ ಸ್ವಾಮಿಗಳವರು 2023ನೆಯ ಜನವರಿ 2ರಂದು ಲಿಂಗೈಕ್ಯರಾದ ತರುವಾಯ ಅವರ ಪ್ರವಚನಗಳನ್ನು ಮನೆಮನೆಗಳಲ್ಲಿ ವಿಡಿಯೋದಲ್ಲಿಯೇ ಆಲಿಸುತ್ತಾರೆ. ಮುಂದೆ ಹುಟ್ಟುವ ಶಿಷ್ಯನಿಗೆ ಗುರುಮುಖವೆಂಬುದು ಅದೇ. ಕಿವಿ ಮಂದವಾದ ವೃದ್ಧರಾದರೋ ತುಟಿಯ ಚಲನೆಯನ್ನು ನೋಡಿಯೇ ಮಾತನ್ನು ಗ್ರಹಿಸುವರು. ಮುಖವು ಕತ್ತಲಾದರೆ ಅವರಿಗೆ ಮಾತೂ ಕತ್ತಲೆಯೇ.

ನಮ್ಮ ಹಿರಿಯರು ಈ ಮರ್ಮವನ್ನು ಚೆನ್ನಾಗಿ ಅರಿತಿದ್ದರು. ದೊಡ್ಡಾಟದ ರಾತ್ರಿ ಹಿಲಾಲು ಹಿಡಿದವರು ವೇಷಧಾರಿಯ ಇಕ್ಕೆಲದಲ್ಲಿ, ತುಸು ಮುಂದೆ ನಿಲ್ಲುತ್ತಿದ್ದರು. ಹಿಂದೆ ನಿಂತು ಬೆಳಗುವ ಪದ್ಧತಿ ಇರಲಿಲ್ಲ. ಮಠದಲ್ಲಿ ಪುರಾಣ ಓದುವವರ ಮಗ್ಗುಲಲ್ಲಿ ಎಣ್ಣೆಯ ಸಮೆ ಉರಿಯುತ್ತಿತ್ತು. ಬಿಳಿಯ ಕಾಗದದ ಪುಸ್ತಕ ಬಂದ ಮೇಲೆ ಆ ಬೆಳಕು ಹಾಳೆಗೆ ತಗಲಿ ಮರಳಿ, ಓದುವವರ ಗಲ್ಲ ಕಣ್ಣುಗಳನ್ನು ಮೆಲ್ಲಗೆ ಬೆಳಗುತ್ತಿತ್ತು. ಆಮೇಲೆ ಗ್ಯಾಸ್ ಬತ್ತಿಗಳು ಬಂದವು. ಬೆಳಕೇನೋ ಹೆಚ್ಚಿತು, ಆದರೆ ಅವನ್ನು ತಲೆಯ ಮೇಲೆ ತೂಗಹಾಕಿದ್ದರಿಂದ ಹುಬ್ಬಿನ ನೆರಳು ಕಣ್ಣುಗಳನ್ನು ನುಂಗಿಬಿಟ್ಟಿತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಮೊದಲು ಹರಿದದ್ದು ಕೋಲಾರದ ಚಿನ್ನದ ಗಣಿಗೆ; ಬೆಂಗಳೂರಿಗೆ ದೀಪ ಬಂದದ್ದು 1905ರಲ್ಲಿ. ನಾಡಿನ ಬೆಳಕಿಗೂ ಚಿನ್ನಕ್ಕೂ ಇರುವ ಈ ನಂಟನ್ನು ಹಟ್ಟಿಯವರು ಗಮನಿಸತಕ್ಕದ್ದು. ಗಣಿಯೊಳಗಿನ ಕಾರ್ಮಿಕನು ಟೋಪಿಗೆ ಸಿಕ್ಕಿಸಿದ ದೀಪದಿಂದ ಎದುರಿನವನ ಮುಖವನ್ನು ಕಾಣಬಲ್ಲನು, ತನ್ನ ಮುಖವನ್ನು ತಾನು ಬೆಳಗಲಾರನು. ಪ್ರವಚನಕಾರರ ಸ್ಥಿತಿಯೂ ಹಾಗೆಯೇ. ಅವರಿಗೆ ಬೆಳಕು ಹಿಡಿಯಬೇಕಾದವರು ಬೇರೊಬ್ಬರು.

ಚಲಚ್ಚಿತ್ರದವರಲ್ಲಿ ಇಬ್ಬರನ್ನು ಇಲ್ಲಿ ಸ್ಮರಿಸಬೇಕು. ಮೈಸೂರಿನವರಾದ ವಿ. ಕೆ. ಮೂರ್ತಿಗಳು 1959ರ ‘ಕಾಗಜ್ ಕೆ ಫೂಲ್’ ಚಿತ್ರದಲ್ಲಿ ಕನ್ನಡಿಗಳ ಮೂಲಕ ಹೊರಗಿನ ಬಿಸಿಲನ್ನೇ ಸ್ಟುಡಿಯೋದೊಳಕ್ಕೆ ಹಾಯಿಸಿ ಬಿಸಿಲುಕೋಲೊಂದನ್ನು ನಿಲ್ಲಿಸಿದರು. ವಂಗದೇಶದ ಸುಬ್ರತ ಮಿತ್ರರು 1956ರ ‘ಅಪರಾಜಿತೊ’ ಚಿತ್ರದಲ್ಲಿ ದೀಪಗಳನ್ನು ಬಿಳಿಯ ಬಟ್ಟೆಗೆ ತಾಗಿಸಿ, ಅಲ್ಲಿಂದ ಮರಳಿದ ಮೃದುವಾದ ಬೆಳಕಿನಿಂದ ಕಾಶಿಯ ಮನೆಯ ಅಂಗಳವನ್ನು ಬೆಳಗಿದರು. ಬಿಸಿಲುಕೋಲಿನ ಸೊಬಗು ದೊಡ್ಡದು, ಕನ್ನಡಿಗರಿಗೆ ಅಭಿಮಾನದ ವಿಷಯವೂ ಹೌದು. ಆದರೂ ಮಠದ ಪ್ರವಚನಕ್ಕೆ ಮಿತ್ರರ ಬಿಳಿಬಟ್ಟೆಯೇ ಲೇಸೆಂದು ನನ್ನ ಅಭಿಪ್ರಾಯ.

ಈಗ ಸಭಾಗೃಹಗಳಲ್ಲಿ ಪರದೆಯ ಮೇಲೆ ಚಿತ್ರ ತೋರಿಸುತ್ತ ಉಪನ್ಯಾಸ ಮಾಡುವ ರೂಢಿ ಬಂದಿದೆ. ಚಿತ್ರವು ಕಾಣಲೆಂದು ದೀಪಗಳನ್ನು ಆರಿಸುತ್ತಾರೆ. ಕ್ಯಾಮೆರಾ ತಾನಾಗಿ ಬೆಳಕನ್ನು ಅಳೆಯುವಾಗ ಹೊಳೆಯುವ ಪರದೆಯನ್ನೇ ಪ್ರಮಾಣವೆಂದು ಹಿಡಿಯುವುದರಿಂದ ವಕ್ತಾರರು ಕರಿಯ ನೆರಳಾಗಿ ಉಳಿಯುತ್ತಾರೆ. ಇಂತಹ ವಿಡಿಯೋಗಳನ್ನು ನಾನು ಅನೇಕ ನೋಡಿದ್ದೇನೆ. ಪರದೆಯ ಮೇಲಿನ ಅಕ್ಷರವೆಲ್ಲ ಸ್ಪಷ್ಟ, ಹೇಳಿದವರು ಯಾರೆಂಬುದೇ ಅಸ್ಪಷ್ಟ! ಪರದೆಯ ಚಿತ್ರವನ್ನು ಬೇಕಾದಾಗ ಪುನಃ ಮುದ್ರಿಸಬಹುದು, ಮುಖವನ್ನು ಮುದ್ರಿಸಲಾಗದು.

ಪರಿಹಾರವು ಕಷ್ಟವಾದುದಲ್ಲ. ವಕ್ತಾರರನ್ನು ಪರದೆಯಿಂದ ಕೆಲವು ಅಡಿ ಪಕ್ಕಕ್ಕೂ ಮುಂದಕ್ಕೂ ಕೂರಿಸತಕ್ಕದ್ದು. ಒಂದು ದೀಪವನ್ನು ಅವರ ಮುಂದೆ ಸುಮಾರು 45 ಅಂಶ ಓರೆಗೆ, ಕಣ್ಣಿಗಿಂತ ತುಸು ಎತ್ತರದಲ್ಲಿ, ಬಿಳಿಯ ತೆಳುಬಟ್ಟೆಯ ಹಿಂದೆ ಇಡಬೇಕು. ಅದರ ಬೆಳಕು ಪರದೆಗೆ ತಾಗದಂತೆ ಆ ಮಗ್ಗುಲಿಗೆ ಕರಿಯ ರಟ್ಟನ್ನು ಮರೆಮಾಡಬೇಕು. ಎದುರು ಪಾರ್ಶ್ವದ ನೆರಳು ಗಾಢವಾದರೆ ಬಿಳಿಯ ಪಂಚೆಯೊಂದನ್ನು ಹರವಿದರೆ ಸಾಕು. ಸಣ್ಣ ದೀಪವನ್ನು ಅರ್ಧ ದೂರಕ್ಕೆ ತಂದರೆ ಬೆಳಕು ಸುಮಾರು ನಾಲ್ಮಡಿಯಾಗುವುದೆಂಬ ನಿಯಮವಿರುವುದರಿಂದ ದೊಡ್ಡ ದೀಪ ಕೊಳ್ಳುವುದಕ್ಕಿಂತ ಹತ್ತಿರ ಸರಿಸುವುದೇ ಜಾಣತನ. ನಮ್ಮ ವಿದ್ಯುತ್ತು ಸೆಕೆಂಡಿಗೆ 50 ಆವರ್ತನದ್ದು. ಅಗ್ಗದ ದೀಪಗಳು 100 ಸಲ ಮಿಣುಕುತ್ತವೆ. ಶಟರನ್ನು 1/50ಕ್ಕೆ ನಿಲ್ಲಿಸಿದರೆ ಚಿತ್ರದಲ್ಲಿ ಪಟ್ಟೆಗಳು ತೋರವು. ಕ್ಯಾಮೆರಾದ ಬೆಳಕಿನ ಅಳತೆಯನ್ನು ಮುಖಕ್ಕೆ ಹೊಂದಿಸಿ ಕೈಯಿಂದಲೇ ಕಟ್ಟಿಡಬೇಕು. ಕನ್ನಡಕವು ಹೊಳೆದರೆ ದೀಪವನ್ನು ಇನ್ನಷ್ಟು ಎತ್ತರಿಸಬೇಕು.

ಪೂಜ್ಯರು ಬಿಜಯಂಗೈದ ಮೇಲೆ ದೀಪ ಸರಿಸುತ್ತ ಅವರ ಕಣ್ಣಿಗೆ ತೊಂದರೆ ಕೊಡುವುದು ಶಿಷ್ಯಧರ್ಮವಲ್ಲ. ಸಭೆಗೆ ಒಂದು ಗಳಿಗೆ ಮೊದಲೇ ಒಬ್ಬ ಮರಿಯನ್ನು ಪೀಠದ ಪಕ್ಕದಲ್ಲಿ ಅದೇ ಎತ್ತರಕ್ಕೆ ಕೂರಿಸಿ ನೋಡತಕ್ಕದ್ದು. ಅವನು ವಿಭೂತಿ ಧರಿಸಿಯೇ ಕೂರಲಿ; ಹಣೆಯ ಬಿಳುಪು ಚಿತ್ರದಲ್ಲಿ ಮೂರು ಗೆರೆಯಾಗಿ ನಿಲ್ಲುವುದೋ, ಬರಿಯ ಹೊಳಪಾಗಿ ಕರಗುವುದೋ ಆಗಲೇ ಗೊತ್ತಾಗುತ್ತದೆ.